ನುಡಿಯನ್ನು ತಿದ್ದುವ ಕಿವಿ



ನುಡಿಯ ಸ್ವರೂಪವನ್ನು ಕುರಿತು ವಿಶ್ವಗುರು ಬಸವಣ್ಣನವರು ಹೇಳಿದ ವಚನವೊಂದು ಕನ್ನಡ ನಾಡಿನ ಬಹುತೇಕ ಶರಣ ಬಂಧುಗಳಿಗೆ ಕಂಠಪಾಠವಾಗಿದೆ. ಮಾತನ್ನು ಅವರು ಮೊದಲು ಮುತ್ತಿನ ಸರಕ್ಕೆ, ಆಮೇಲೆ ಮಾಣಿಕ್ಯದ ಹೊಳಪಿಗೆ, ಅದರ ಮುಂದೆ ಸ್ಫಟಿಕಕ್ಕೆ ಹೋಲಿಸುತ್ತಾರೆ. ಶಾಲೆಯ ಭಾಷಣ ಸ್ಪರ್ಧೆಯಿಂದ ಹಿಡಿದು ಮಠದ ವೇದಿಕೆಯವರೆಗೆ ಈ ವಚನ ಕೇಳಿಬರುತ್ತದೆ. ಆದರೆ ಅದನ್ನು ಉದಾಹರಿಸುವವರಲ್ಲಿ ಅನೇಕರು ಈ ಮೂರು ಉಪಮೆಗಳ ಬಳಿಯೇ ನಿಂತುಬಿಡುತ್ತಾರೆ. ವಚನ ಅಲ್ಲಿಗೆ ಮುಗಿಯುವುದಿಲ್ಲ. ಆಡಿದ ಮಾತಿಗೆ ಲಿಂಗವೇ ಮೆಚ್ಚಿ ಸಮ್ಮತಿ ಸೂಚಿಸುವಂತಿರಬೇಕೆಂದು ಅವರು ನಾಲ್ಕನೆಯದಾಗಿ ಹೇಳುತ್ತಾರೆ. ಆಡಿದ ಮಾತಿನೊಳಗೆ ತಾನು ನಿಂತು ನಡೆಯದವನಿಗೆ ಕೂಡಲಸಂಗಮನ ಒಲುಮೆ ದೊರೆಯದೆಂದು ಕೊನೆಯಲ್ಲಿ ಎಚ್ಚರಿಸುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮುತ್ತಿನ ಸರವೆಂಬುದು ಮಾತಿನ ಜೋಡಣೆ. ಮಾಣಿಕ್ಯವೆಂಬುದು ಮಾತಿನ ಕಾಂತಿ. ಸ್ಫಟಿಕವೆಂಬುದು ಮಾತಿನ ನಿರ್ಮಲತೆ. ಈ ಮೂರೂ ಆಡುವವನಿಗೆ ಸಂಬಂಧಿಸಿದವು. ನಾಲ್ಕನೆಯದು ಮಾತ್ರ ಆಡುವವನ ಕೈಯಲ್ಲಿಲ್ಲ, ಕೇಳುವವನ ಕೈಯಲ್ಲಿದೆ. ತಲೆದೂಗುವುದು ಲಿಂಗ, ತಲೆದೂಗದಿರುವ ಸ್ವಾತಂತ್ರ್ಯವೂ ಲಿಂಗಕ್ಕೇ ಸೇರಿದ್ದು. ಮಾತು ಬಾಯಿಯಲ್ಲಿ ಹುಟ್ಟಿದರೂ ಪೂರ್ಣಗೊಳ್ಳುವುದು ಕಿವಿಯಲ್ಲಿ ಎಂಬ ಸತ್ಯವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದರು. ಇಂದಿನ ಶಿಕ್ಷಣಶಾಸ್ತ್ರ ಇದನ್ನೇ ಹಿಮ್ಮಾಹಿತಿ ಎಂಬ ಹೆಸರಿನಿಂದ ಕರೆಯುತ್ತದೆ. ಹಳ್ಳಿಯ ಹಿರಿಯರು ಇದನ್ನೇ ‘ಹೇಳೋರಿಗೆ ಹೂಂಗುಡೋರು ಬೇಕು’ ಎಂದು ಸರಳವಾಗಿ ಹೇಳುತ್ತಾರೆ.

ಗದಗ ಸೀಮೆ ಮಾತಿನ ಸೀಮೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಯಾವ ನೆಲದಲ್ಲಿದೆ ಎಂದು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದುವೇ ಇಂದಿನ ಲಕ್ಷ್ಮೇಶ್ವರ. ಆದಿಕವಿ ಪಂಪನು ತನ್ನ ಕಾವ್ಯದ ಭಾಷೆಗೆ ಆದರ್ಶವಾಗಿ ಸ್ಮರಿಸಿದ್ದೂ ಆ ಪುಲಿಗೆರೆಯ ಕನ್ನಡವನ್ನೇ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಭಾರತವನ್ನು ರಚಿಸಿದನು. ಆ ಕಾವ್ಯ ಶತಮಾನಗಳ ಕಾಲ ಓದುಗರ ಕಣ್ಣಿಗಿಂತ ಹೆಚ್ಚಾಗಿ ಕೇಳುಗರ ಕಿವಿಯಲ್ಲಿ ಬಾಳಿತು. ಶಿರಹಟ್ಟಿಯ ಫಕೀರೇಶ್ವರ ಮಠವು ಹಿಂದೂ ಮುಸಲ್ಮಾನರಿಬ್ಬರೂ ಒಂದೇ ಅಂಗಳದಲ್ಲಿ ಕುಳಿತು ಕೇಳುವ ಭಾವೈಕ್ಯದ ಪೀಠವಾಗಿದೆ. ಮುಂಡರಗಿಯ ಅನ್ನದಾನೀಶ್ವರ ಮಠದ ಹೆಸರಿನಲ್ಲಿಯೇ ದಾಸೋಹವಿದೆ. ಇಂಥ ನೆಲದಲ್ಲಿ ಮಾತನಾಡಲು ಕಲಿಯುವವನಿಗೆ ವೇದಿಕೆಯ ಕೊರತೆಯಿಲ್ಲ. ಶ್ರಾವಣ ಬಂದರೆ ಊರೂರಿನ ಮಠಗಳಲ್ಲಿ ಪುರಾಣ, ಪ್ರವಚನ. ಜಾತ್ರೆ ಬಂದರೆ ಧರ್ಮಸಭೆ. ಶರಣರ ಜಯಂತಿಗಳಿಗೆ ಉಪನ್ಯಾಸ.

ಗದುಗಿನ ತೋಂಟದಾರ್ಯ ಮಠದ ವಾರದ ಶಿವಾನುಭವವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. 1974ರಲ್ಲಿ ಪೀಠವನ್ನೇರಿದ ಲಿಂಗೈಕ್ಯ ಡಾ. ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು (1949–2018) ಸೋಮವಾರದ ಸಂಜೆಯನ್ನು ಚಿಂತನೆಗೆ ಮೀಸಲಿರಿಸಿದರು. ವಿದ್ವಾಂಸರಷ್ಟೇ ಅಲ್ಲದೆ ಉದಯೋನ್ಮುಖ ಲೇಖಕರು, ಅಧ್ಯಾಪಕರು ಆ ವೇದಿಕೆಯನ್ನೇರಿದರು. ಈ ಬಗೆಯ ಸಭೆಗಳ ಕ್ರಮವನ್ನು ಕೊಂಚ ಲಕ್ಷ್ಯಕೊಟ್ಟು ನೋಡಬೇಕು. ಮೊದಲು ವಚನ ಪ್ರಾರ್ಥನೆ, ಬಳಿಕ ಉಪನ್ಯಾಸ, ಕೊನೆಯಲ್ಲಿ ಸ್ವಾಮಿಗಳ ಆಶೀರ್ವಚನ. ಆಶೀರ್ವಚನವೆಂದರೆ ಬರಿಯ ಹರಕೆಯಲ್ಲ. ಉಪನ್ಯಾಸಕ ಬಿಟ್ಟುಹೋದ ಎಳೆಯನ್ನು ಹಿಡಿಯುವುದು, ಅತಿಯಾದದ್ದನ್ನು ಮೆಲ್ಲನೆ ಹಿಂದಕ್ಕೆಳೆಯುವುದು, ಅವನ ಮಾತಿನಲ್ಲಿ ನಿಜವಾಗಿ ಬೆಳಗಿದ ಒಂದು ಕಿಡಿಯನ್ನು ಎತ್ತಿ ತೋರಿಸುವುದು, ಇವೆಲ್ಲ ಅಲ್ಲಿ ನಡೆಯುತ್ತವೆ. ಕಿವಿ ತೆರೆದಿರುವ ಉಪನ್ಯಾಸಕನಿಗೆ ಆ ಹತ್ತು ನಿಮಿಷಗಳು ಒಂದು ಪಾಠ. ಕಿವಿ ಮುಚ್ಚಿದವನಿಗೆ ಅದು ತನ್ನ ಶಾಲು ಬರುವವರೆಗಿನ ಕಾಯುವಿಕೆ ಮಾತ್ರ.

ಶಾಲಿನ ಮಾತು ಬಂದಿತು. ಅದನ್ನು ಸ್ವಲ್ಪ ವಿಚಾರಿಸಬೇಕು. ನಮ್ಮ ಸಭೆಗಳಲ್ಲಿ ಮಾತು ಮುಗಿಸಿದವನಿಗೆ ಶಾಲು ಹೊದಿಸಿ, ಹಣ್ಣು ಕೊಟ್ಟು, ‘ಬಹಳ ಚೆನ್ನಾಗಿ ಮಾತನಾಡಿದಿರಿ’ ಎಂದು ಹೇಳುವುದು ಸೌಜನ್ಯ. ಸೌಜನ್ಯ ಇರಲೇಬೇಕು. ಆದರೆ ಎಲ್ಲರಿಗೂ ಅದೇ ಶಾಲು, ಅದೇ ಮಾತು ಸಲ್ಲುವಾಗ ಅದರಿಂದ ಮಾತುಗಾರನಿಗೆ ತಿಳಿಯುವುದೇನು? ಅರ್ಧ ಸಭೆ ಆಕಳಿಸಿದ್ದು ಅವನಿಗೆ ತಿಳಿಯುವುದಿಲ್ಲ. ಹಿಂದಿನ ಸಾಲಿನ ತಾಯಂದಿರಿಗೆ ಧ್ವನಿ ಮುಟ್ಟಲಿಲ್ಲವೆಂಬುದು ತಿಳಿಯುವುದಿಲ್ಲ. ವರ್ಷಗಳು ಉರುಳುತ್ತವೆ, ತಪ್ಪು ರೂಢಿಯಾಗಿ, ರೂಢಿ ಶೈಲಿಯಾಗಿ, ಶೈಲಿ ಅಭಿಮಾನವಾಗಿ ಗಟ್ಟಿಗೊಳ್ಳುತ್ತದೆ. ತನ್ನವರೆಲ್ಲ ಪ್ರೀತಿಯಿಂದ ಹೊಗಳಿದಾಗ ಅದು ತನ್ನನ್ನು ಚಿನ್ನದ ಶೂಲಕ್ಕೆ ಏರಿಸಿದಂತಾಯಿತೆಂದು ಬಸವಣ್ಣನವರು ಇನ್ನೊಂದು ವಚನದಲ್ಲಿ ನೊಂದು ನುಡಿದಿದ್ದಾರೆ. ಶೂಲ ಚಿನ್ನದ್ದಾದ ಮಾತ್ರಕ್ಕೆ ಪ್ರಾಣ ಉಳಿಯುವುದಿಲ್ಲ. ಹೊಗಳಿಕೆಯಲ್ಲಿ ಕೊಲ್ಲುವ ಉದ್ದೇಶ ಇಲ್ಲದಿದ್ದರೂ ಕೊಲ್ಲುವ ಶಕ್ತಿ ಇದೆ ಎಂಬುದೇ ಆ ವಚನದ ಮರ್ಮ. ಮಂತ್ರಿಪದವಿಯಲ್ಲಿದ್ದು ಹಗಲಿರುಳು ಹೊಗಳಿಕೆಯ ನಡುವೆ ಬಾಳಿದ ಮಹಾನುಭಾವರೇ ಹೀಗೆ ಅಂಜಿದರೆ, ನಾಲ್ಕು ಸಭೆ ಕಂಡ ಇಂದಿನ ಭಾಷಣಕಾರನು ಎಷ್ಟು ಅಂಜಬೇಕು!

ಮುಂಡರಗಿ ಸೀಮೆಯ ಹಳ್ಳಿಯೊಂದರ ಸಂಗತಿಯನ್ನು ಇಲ್ಲಿ ನೋಡಬಹುದು. ಶ್ರಾವಣದ ಪ್ರವಚನಕ್ಕೆ ಬರಬೇಕಾಗಿದ್ದವರು ಅನಾರೋಗ್ಯದಿಂದ ಬಾರದೆ ಹೋದಾಗ ಊರಿನ ಯುವ ಶಿಕ್ಷಕಿಯೊಬ್ಬರಿಗೆ ಹಿರಿಯರು ಆ ಹೊಣೆಯನ್ನು ವಹಿಸಿದರು. ಆಕೆ ಓದಿಕೊಂಡವರು, ವಚನಗಳನ್ನು ಪ್ರೀತಿಸುವವರು. ಮೊದಲ ಸಂಜೆ ಐವತ್ತು ನಿಮಿಷಗಳಲ್ಲಿ ಹನ್ನೊಂದು ವಚನಗಳನ್ನು ಉದಾಹರಿಸಿ, ಷಟ್‌ಸ್ಥಲದಿಂದ ಶೂನ್ಯತತ್ತ್ವದವರೆಗೆ ವಿವರಿಸಿದರು. ಕರತಾಡನವಾಯಿತು, ಶಾಲು ಬಂದಿತು. ಮರುದಿನ ಮಠದ ಅಂಗಳದಲ್ಲಿ ಜನ ಅರ್ಧಕ್ಕೆ ಇಳಿದಿದ್ದರು. ಹೊಗಳಿದವರಲ್ಲಿ ಹಲವರು ಕಾಣಲಿಲ್ಲ. ಅಕ್ಷರ ಬಾರದ ಒಬ್ಬ ಹಿರಿಯ ಒಕ್ಕಲಿಗರು ಮಾತ್ರ ಪ್ರವಚನಕ್ಕೆ ಮೊದಲೇ ಬಂದು ಕಂಬಕ್ಕೆ ಒರಗಿ ಕುಳಿತಿದ್ದರು. ಅವರು ಆಕೆಯನ್ನು ಹತ್ತಿರ ಕರೆದು ಹೇಳಿದರು:

“ತಂಗೀ, ನಿನ್ನ ದನಿ ಛಲೋ ಐತಿ. ಆದ್ರ ನಿನ್ನಿ ರಾತ್ರಿ ಮನಿಗೆ ಹೋದಮ್ಯಾಲೆ, ಮಠದಾಗ ಏನ್ ಹೇಳಿದ್ರು ಅಂತ ನಮ್ಮ ಮನ್ಯಾಕಿ ಕೇಳಿದ್ಲು. ಎಷ್ಟ್ ನೆನಸಿದ್ರೂ ನನಗ ಒಂದೂ ಬರಲಿಲ್ಲವ್ವ.”

ಶಿಕ್ಷಕಿಯ ಮುಖ ಬಾಡಿತು. “ಹಂಗಾರ ನಾ ಏನ್ ಮಾಡ್ಲಿರೀ ಅಜ್ಜಾರ?” ಎಂದು ಕೇಳಿದರು.

“ಒಂದ ಹೇಳವ್ವ, ಸಾವಕಾಶ ಹೇಳು. ದಿನಾ ಹೆಸರು ಬಿಡಿಸಿ ದಣಿದು ಬಂದಿರ್ತೀವಿ. ಒಂದ ಕುಣಿಗೆ ಹನ್ನೊಂದು ಬೀಜ ಹಾಕಿದ್ರ ಯಾವುದೂ ನೆಟ್ಟಗ ಏಳೂದಿಲ್ಲ.”

ಅದೇ ಸಂಜೆ ಇನ್ನೊಂದು ತಿದ್ದುಪಡಿ ಬಂದಿತು. ಭಜನೆಯಲ್ಲಿ ವಚನ ಹಾಡುತ್ತಿದ್ದ ತಾಯಿಯೊಬ್ಬರು ಪ್ರವಚನ ಮುಗಿದ ಮೇಲೆ ಮೆಲ್ಲನೆ ಬಂದು, ಹಿಂದಿನ ದಿನ ಬಸವಣ್ಣನವರದೆಂದು ಹೇಳಿದ ಒಂದು ವಚನ ಚೆನ್ನಬಸವಣ್ಣನವರದೆಂದು ತಿಳಿಸಿದರು. ಒಬ್ಬರ ಅಂಕಿತ ಕೂಡಲಸಂಗಮದೇವ, ಇನ್ನೊಬ್ಬರದು ಕೂಡಲಚೆನ್ನಸಂಗಮದೇವ. ಅವಸರದ ನಾಲಿಗೆ ನಡುವಿನ ಒಂದು ಪದವನ್ನು ನುಂಗಿಬಿಟ್ಟಿತ್ತು. ನೂರಾರು ಜನರಿಗೆ ಹೇಳಿದ ತಪ್ಪನ್ನು ಆ ತಾಯಿ ನೂರಾರು ಜನರ ಎದುರಿಗೆ ಹೇಳಲಿಲ್ಲ. ಒಬ್ಬಳಿಗೇ ಹೇಳಿದರು, ಅದೂ ‘ಯವ್ವಾ, ನಾನ ತಪ್ಪು ಕೇಳಿಸ್ಕೊಂಡೆನೇನೋ’ ಎಂಬ ಮುನ್ನುಡಿಯೊಂದಿಗೆ.

ಆ ರಾತ್ರಿ ಶಿಕ್ಷಕಿ ನಿದ್ರೆ ಮಾಡಲಿಲ್ಲ. ಪ್ರವಚನವನ್ನು ಬೇರೆಯವರಿಗೆ ಒಪ್ಪಿಸಿಬಿಡಬೇಕೆಂಬ ವಿಚಾರವೂ ಬಂದಿತು. ಆದರೆ ಒಂದು ಸಂಗತಿ ಆಕೆಯನ್ನು ತಡೆಯಿತು. ಮೆಚ್ಚಿ ಚಪ್ಪಾಳೆ ತಟ್ಟಿದವರು ಮರುದಿನ ಬರಲಿಲ್ಲ. ಕೊರತೆ ಹೇಳಿದ ಅಜ್ಜ ಮತ್ತೆ ಬಂದಿದ್ದರು. ತಪ್ಪು ತೋರಿಸಿದವರೇ ಮುಂದಿನ ಸಾಲಿನಲ್ಲಿ ಕುಳಿತಿದ್ದರೆಂದರೆ ಅವರಿಗೆ ಆಕೆಯ ಮಾತಿನಲ್ಲಿ ಇನ್ನೂ ಭರವಸೆಯಿದೆ ಎಂದೇ ಅರ್ಥವಲ್ಲವೆ? ಮೂರನೆಯ ದಿನದಿಂದ ಆಕೆ ಒಂದು ಸಂಜೆಗೆ ಒಂದೇ ವಚನವನ್ನು ಆಯ್ದುಕೊಂಡರು. ಅದನ್ನು ಎರಡು ಸಲ ಓದಿ, ಒಂದು ದೃಷ್ಟಾಂತ ಹೇಳಿ, ಅರ್ಧ ತಾಸಿನಲ್ಲಿ ಮುಗಿಸತೊಡಗಿದರು. ಮುಗಿದ ಮೇಲೆ ಯಾರಾದರೂ ಮೂವರನ್ನು, ‘ಇವತ್ತು ಮನಿಗೆ ಏನ್ ಒಯ್ದ್ರಿ?’ ಎಂದು ಕೇಳುವ ಪರಿಪಾಠ ಇಟ್ಟುಕೊಂಡರು. ಅವರು ಹೇಳಿದ್ದು ತಾನು ಹೇಳಿದ್ದಕ್ಕೆ ಹೊಂದದಿದ್ದರೆ, ತಪ್ಪು ಕೇಳಿದವರದಲ್ಲ, ಹೇಳಿದವಳದು ಎಂದು ಬಗೆದು ಮರುದಿನ ಅದೇ ಮಾತನ್ನು ಬೇರೊಂದು ದಾರಿಯಿಂದ ಹೇಳುತ್ತಿದ್ದರು. ಅಂಗಳ ಮತ್ತೆ ತುಂಬಿತು. ಮಂಗಲದ ದಿನ, ಸಭೆಯಲ್ಲಿ ಎಂದೂ ಬಾಯಿ ಬಿಡದ ಕೂಲಿಕಾರ ಹೆಣ್ಣುಮಗಳೊಬ್ಬಳು ಎದ್ದು ನಿಂತು ಕಾಯಕದ ಬಗೆಗೆ ತಾನು ಕೇಳಿದ್ದನ್ನು ತನ್ನ ಮಾತಿನಲ್ಲಿ ಎರಡು ನಿಮಿಷ ಹೇಳಿದಳು. ಸಭೆ ಮೌನವಾಗಿ ಕೇಳಿತು. ಕಂಬದ ಬಳಿಯಿಂದ ಅಜ್ಜನ ದನಿ ಬಂದಿತು: “ಛಲೋ ಹೇಳಿದಿ ತಂಗೀ. ದನಿ ಇನ್ನೊಂಚೂರು ಏರಸಬೇಕಿತ್ತು.” ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಒಬ್ಬರಿಗೆ ಸಂದ ತಿದ್ದುನುಡಿ ಇನ್ನೊಬ್ಬರಿಗೆ ಮಾತಿನ ಬಾಗಿಲನ್ನೇ ತೆರೆಯಿತು.

ಈ ಸಂಗತಿಯಲ್ಲಿ ಅಡಗಿರುವ ತತ್ತ್ವವನ್ನು ವಿಚಾರಿಸಬೇಕು. ಮನುಷ್ಯನು ತನ್ನ ಮುಖವನ್ನು ತಾನು ಕಾಣಲಾರ. ಅದಕ್ಕೆ ಕನ್ನಡಿ ಬೇಕು. ಹಾಗೆಯೇ ತನ್ನ ಮಾತನ್ನು ತಾನು ಕೇಳಲಾರ. ಮಾತನಾಡುವಾಗ ಅವನಿಗೆ ಕೇಳಿಸುವುದು ತನ್ನ ಮನಸ್ಸಿನಲ್ಲಿರುವ ಅರ್ಥ. ಸಭೆಗೆ ಕೇಳಿಸುವುದು ಅವನ ಬಾಯಿಂದ ಹೊರಟ ಶಬ್ದ. ಈ ಎರಡರ ನಡುವಿನ ಅಂತರವನ್ನು ಅಳೆಯಬಲ್ಲವನು ಕೇಳುಗನೊಬ್ಬನೇ. ಒಂದು ಅಕ್ಷರದ ಏರುಪೇರು ಎಂಥ ಅನರ್ಥ ತರಬಲ್ಲದೆಂಬುದಕ್ಕೆ ನಮ್ಮ ಭಾಷೆಯಲ್ಲಿಯೇ ಸಾಕಷ್ಟು ನಿದರ್ಶನಗಳಿವೆ. ಹಕಾರ ಬಿಟ್ಟರೆ ಹರನು ಅರನಾಗುತ್ತಾನೆ. ಹಕಾರ ಸೇರಿದರೆ ಅರಿವು ಹರಿವಾಗುತ್ತದೆ, ಆದರ ಹಾದರವಾಗುತ್ತದೆ. ಆಡಿದವನಿಗೆ ತಾನು ಸರಿಯಾಗಿಯೇ ಆಡಿದೆನೆಂಬ ಭಾವ. ಪಕ್ಕದಲ್ಲಿದ್ದವರು ಹೇಳದಿದ್ದರೆ ಅವನಿಗೆ ತಿಳಿಯುವ ಉಪಾಯವೇ ಇಲ್ಲ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆ ಈ ವಿಷಯದಲ್ಲಿ ದೊಡ್ಡ ಪಾಠ ಕಲಿಸುತ್ತದೆ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ದೃಷ್ಟಿಹೀನರು. ಅವರ ನೆರಳಿನಲ್ಲಿ ನೂರಾರು ಅಂಧ ಮಕ್ಕಳು ಸಂಗೀತ ಕಲಿತರು. ಅಲ್ಲಿಯ ಕಲಿಕೆ ಕಿವಿಯಿಂದ ಕಿವಿಗೆ ನಡೆಯುವಂಥದು. ಶಿಷ್ಯನ ಸ್ವರ ಕೂದಲೆಳೆಯಷ್ಟು ಜಾರಿದರೂ ಗುರು ಅಲ್ಲಿಯೇ ತಡೆದು ಸರಿಪಡಿಸಬೇಕು. ನಾಳೆಗೆ ಬಿಟ್ಟರೆ ಜಾರಿದ ಸ್ವರವೇ ನೆಲೆಯಾಗುತ್ತದೆ. ಸಭೆಯ ಮುಖವನ್ನು ಕಾಣಲಾಗದ ಕಲಾವಿದನು ಸಭೆಯ ಉಸಿರನ್ನು ಕೇಳುತ್ತಾನೆ. ಕೆಮ್ಮು, ಪಿಸುಮಾತು, ಕಾಲು ಸರಿಸುವ ಸದ್ದು, ಎಲ್ಲ ಸದ್ದೂ ಅಡಗಿದ ಮೌನ, ಇವೆಲ್ಲ ಅವನಿಗೆ ಸಭೆಯ ಉತ್ತರಗಳು. ಕಣ್ಣಿದ್ದವರು ಎಷ್ಟೋ ಸಲ ಕೈಯಲ್ಲಿನ ಕಾಗದವನ್ನೇ ನೋಡುತ್ತ ಎದುರಿನ ಸಾವಿರ ಕಣ್ಣುಗಳನ್ನು ಕಾಣದೆ ಹೋಗುತ್ತಾರೆ. ಯಾರು ಕುರುಡರೆಂಬ ಪ್ರಶ್ನೆ ಇಲ್ಲಿ ತಾನಾಗಿ ಏಳುತ್ತದೆ.

ಇದು ಒಂದು ನಾಡಿನ ಅನುಭವ ಮಾತ್ರವಲ್ಲ. ಪ್ರಾಚೀನ ಗ್ರೀಸ್ ದೇಶದ ಡೆಮಾಸ್ತನೀಸ್ ಜಗತ್ತಿನ ಮಹಾ ವಾಗ್ಮಿಗಳಲ್ಲಿ ಒಬ್ಬನೆಂದು ಪ್ರಸಿದ್ಧ. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಬಾಳಿದ ಅವನ ಚರಿತ್ರೆಯನ್ನು ಪ್ಲುಟಾರ್ಕ್ ಬರೆದಿದ್ದಾನೆ. ಆರಂಭದಲ್ಲಿ ಅಥೆನ್ಸಿನ ಜನ ಅವನ ಮಾತಿಗೆ ನಕ್ಕರು. ದುರ್ಬಲ ಧ್ವನಿ, ಎಳೆದಾಡುವ ವಾಕ್ಯ, ನಡುನಡುವೆ ಕಟ್ಟುವ ಉಸಿರು. ಮುಖ ಮುಚ್ಚಿಕೊಂಡು ಮನೆಗೆ ಹೊರಟ ಅವನ ಹಿಂದೆ ಸಾಟಿರಸ್ ಎಂಬ ನಟ ಬಂದನು. ತಾನು ಇಷ್ಟು ಶ್ರಮಪಟ್ಟರೂ ಜನ ಕೇಳುವುದಿಲ್ಲವೆಂದು ಡೆಮಾಸ್ತನೀಸ್ ದುಃಖಿಸಿದಾಗ, ನಟನು ಅವನನ್ನು ಸಮಾಧಾನಪಡಿಸಲೂ ಇಲ್ಲ, ಹಂಗಿಸಲೂ ಇಲ್ಲ. ನಾಟಕದ ಒಂದು ಭಾಗವನ್ನು ಹೇಳೆಂದನು. ಹೇಳಿದ ಮೇಲೆ ಅದೇ ಭಾಗವನ್ನು ತಾನು ಭಾವಕ್ಕೆ ತಕ್ಕಂತೆ ಹೇಳಿ ತೋರಿಸಿದನು. ಮಾತು ಅದೇ, ಆದರೆ ಅದು ಬೇರೆಯೇ ಮಾತೆಂಬಂತೆ ಕೇಳಿಸಿತು. ತನ್ನ ಕೊರತೆ ಎಲ್ಲಿದೆಯೆಂಬುದು ಡೆಮಾಸ್ತನೀಸನಿಗೆ ಆ ಕ್ಷಣದಲ್ಲಿ ಹೊಳೆಯಿತು. ಜನರ ನಗು ಅವನಿಗೆ ಸೋಲನ್ನು ತಿಳಿಸಿತು. ನಟನ ದೃಷ್ಟಾಂತ ಸೋಲಿನ ಕಾರಣವನ್ನು ತಿಳಿಸಿತು. ಎರಡನೆಯದು ಇಲ್ಲದೆ ಮೊದಲನೆಯದು ಕೇವಲ ಗಾಯ.

ಆಧುನಿಕ ಕಾಲದಲ್ಲಿ ಇದನ್ನೇ ಒಂದು ಶಿಸ್ತಾಗಿ ರೂಪಿಸಿದವನು ಅಮೆರಿಕದ ರಾಲ್ಫ್ ಸ್ಮೆಡ್ಲಿ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಾ ಎಂಬ ಊರಿನಲ್ಲಿ ಅವನು ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಕೂಟಗಳು ಇಂದು ಜಗತ್ತಿನ ಅನೇಕ ದೇಶಗಳಲ್ಲಿ, ಭಾರತದಲ್ಲಿಯೂ ನಡೆಯುತ್ತಿವೆ. ಅಲ್ಲಿ ಒಬ್ಬರು ಭಾಷಣ ಮಾಡಿದರೆ ಇನ್ನೊಬ್ಬರು ಎದ್ದು ಆ ಭಾಷಣದ ಗುಣದೋಷಗಳನ್ನು ಹೇಳಬೇಕು. ಮತ್ತೊಬ್ಬರು ಸಮಯ ನೋಡುತ್ತಾರೆ. ಇನ್ನೊಬ್ಬರು ಭಾಷಣಕಾರ ಎಷ್ಟು ಸಲ ‘ಅಂ’ ‘ಆಂ’ ಎಂದು ತಡವರಿಸಿದನೆಂದು ಎಣಿಸುತ್ತಾರೆ. ಗುಣದೋಷ ಹೇಳುವುದನ್ನೂ ಅಲ್ಲಿ ಒಂದು ಕಲೆಯೆಂದು ಕಲಿಸಲಾಗುತ್ತದೆ. ಇಂದು ಟೀಕಿಸಿದವನು ನಾಳೆ ತಾನೇ ಟೀಕೆಗೆ ನಿಲ್ಲಬೇಕಾದ್ದರಿಂದ ಅವನ ಮಾತು ಮಿತವಾಗಿರುತ್ತದೆ, ಮೃದುವಾಗಿರುತ್ತದೆ. ಈ ಸಮಾನತೆ ಶರಣರಿಗೆ ಹೊಸದಲ್ಲ.

ಕಲ್ಯಾಣದ ಅನುಭವ ಮಂಟಪವನ್ನು ಶೂನ್ಯಸಂಪಾದನೆ ಚಿತ್ರಿಸುವ ರೀತಿಯನ್ನು ಸ್ಮರಿಸಬೇಕು. ಅಲ್ಲಿ ಯಾರ ಮಾತೂ ಪ್ರಶ್ನೆಯಿಲ್ಲದೆ ಸಲ್ಲಲಿಲ್ಲ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಕಟುವಾದ ಪ್ರಶ್ನೆಗಳಿಂದ ಎದುರುಗೊಂಡರು. ಅಕ್ಕ ಒಂದೊಂದಕ್ಕೂ ಉತ್ತರಿಸಿದಳು. ಪ್ರಶ್ನಿಸಿದ ಪ್ರಭುಗಳೇ ಕೊನೆಗೆ ಆಕೆಯ ಹಿರಿಮೆಯನ್ನು ಒಪ್ಪಿ ಕೊಂಡಾಡಿದರು. ಪ್ರಶ್ನೆ ಅಲ್ಲಿ ಅವಮಾನವಾಗಲಿಲ್ಲ, ಒರೆಗಲ್ಲಾಯಿತು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗವಂತೂ ಇನ್ನೂ ಹೃದ್ಯ. ಮಾರಯ್ಯನವರು ಅನುಭಾವದ ಮಾತಿನಲ್ಲಿ ಮೈಮರೆತಿದ್ದಾಗ, ನಿಮ್ಮ ಕಾಯಕ ನಿಂತಿದೆ ಎಂದು ನೆನಪಿಸಿ ಎಬ್ಬಿಸಿದವರು ಅವರ ಮಡದಿ. ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದವರೂ ಅವರೇ. ಮಾತು ಹೆಚ್ಚಾದರೂ ತಪ್ಪು, ಅಕ್ಕಿ ಹೆಚ್ಚಾದರೂ ತಪ್ಪು. ಮಹಾನುಭಾವಿಗಳ ಸಭೆಯಲ್ಲಿ ಕುಳಿತ ಗಂಡನನ್ನು ತಿದ್ದುವ ಅಧಿಕಾರ ಬಡ ಮನೆಯ ಹೆಣ್ಣುಮಗಳಿಗಿತ್ತು. ಅದನ್ನು ಕೇಳಿ ನಡೆಯುವ ದೊಡ್ಡತನ ಗಂಡನಿಗಿತ್ತು. ಶರಣರ ಸಮಾಜ ಎಷ್ಟು ಎತ್ತರದ್ದೆಂಬುದನ್ನು ತಿಳಿಯಲು ಈ ಒಂದು ಪ್ರಸಂಗ ಸಾಕು.

ತಿದ್ದುವ ಕೈ ಕಠೋರವಾದರೆ ಏನಾಗುತ್ತದೆ? ಇದಕ್ಕೂ ಪರಂಪರೆಯಲ್ಲಿ ಒಂದು ಐತಿಹ್ಯವಿದೆ. ಮಹಾಕವಿ ರಾಘವಾಂಕನು ಹರಿಶ್ಚಂದ್ರನನ್ನು ಕುರಿತು ಕಾವ್ಯ ಬರೆದಾಗ, ಶರಣರನ್ನು ಬಿಟ್ಟು ನರನನ್ನು ಸ್ತುತಿಸಿದನೆಂದು ಸೋದರಮಾವನೂ ಗುರುವೂ ಆದ ಹರಿಹರನು ಕೋಪಗೊಂಡು ಹೊಡೆದನೆಂದೂ, ಕವಿಯ ಹಲ್ಲುಗಳು ಉದುರಿದವೆಂದೂ, ಮುಂದೆ ಶಿವಶರಣರ ಚರಿತೆಗಳನ್ನು ಬರೆದಂತೆ ಅವು ಮತ್ತೆ ಬಂದವೆಂದೂ ಹೇಳುತ್ತಾರೆ. ಸೌರಾಷ್ಟ್ರದ ಸೋಮನಾಥನನ್ನು ಪುಲಿಗೆರೆಗೆ ತಂದ ಆದಯ್ಯನ ಕಥೆಯಾದ ‘ಸೋಮನಾಥ ಚರಿತ್ರೆ’ ರಾಘವಾಂಕನದೇ. ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿಗೆ ಹೋಗುವ ಭಕ್ತರು ಈ ಐತಿಹ್ಯವನ್ನೂ ಮನಸ್ಸಿನಲ್ಲಿಟ್ಟುಕೊಂಡರೆ ಒಳಿತು. ಏಕೆಂದರೆ ಕಾಲ ಕೊಟ್ಟ ತೀರ್ಪು ಕುತೂಹಲಕರವಾಗಿದೆ: ಗುರು ಮುನಿದನೆನ್ನಲಾದ ಆ ಹರಿಶ್ಚಂದ್ರ ಕಾವ್ಯವೇ ರಾಘವಾಂಕನ ಅತ್ಯುತ್ತಮ ಕೃತಿಯೆಂದು ನಾಡು ಒಪ್ಪಿಕೊಂಡಿತು. ಗುರುವಿನ ಪ್ರೀತಿ ದೊಡ್ಡದು. ಆದರೂ ಪ್ರತಿ ತಿದ್ದುಪಡಿಯೂ ಸರಿಯಾಗಿರಬೇಕೆಂದಿಲ್ಲ. ಕೇಳಿಸಿಕೊಳ್ಳುವುದು ಕಲಿಯುವವನ ಧರ್ಮ. ಕೇಳಿದ್ದನ್ನು ಅರಿವಿನ ಜರಡಿಯಲ್ಲಿ ಸೋಸುವುದೂ ಅವನ ಧರ್ಮವೇ. ಹಲ್ಲು ಉದುರಿಸುವ ತಿದ್ದುಪಡಿಯಿಂದ ಅಂಜಿದ ಬಾಯಿ ಶಾಶ್ವತವಾಗಿ ಮುಚ್ಚಿಹೋಗುವ ಅಪಾಯವಿದೆ. ರಾಘವಾಂಕನಂಥ ಧೀಮಂತನು ಮತ್ತೆ ಹಾಡಿದನು, ಎಲ್ಲರೂ ರಾಘವಾಂಕರಲ್ಲ.

ಆದ್ದರಿಂದಲೇ ಬಸವಣ್ಣನವರು ತಿದ್ದುವವನಿಗೂ ಶಿಸ್ತನ್ನು ವಿಧಿಸಿದ್ದಾರೆ. ಲೋಕದ ಕೊಂಕನ್ನು ಸರಿಪಡಿಸಹೊರಟವರು ಮೊದಲು ತಮ್ಮ ತನುವನ್ನೂ ಮನವನ್ನೂ ಸರಿಪಡಿಸಿಕೊಳ್ಳಲಿ ಎಂಬ ಭಾವದ ಅವರ ವಚನ ಪ್ರಸಿದ್ಧವಾಗಿದೆ. ಅಂತರಂಗ ಬಹಿರಂಗ ಶುದ್ಧಿಯ ಸೂತ್ರಗಳನ್ನು ಹೇಳುವ ಇನ್ನೊಂದು ವಚನದಲ್ಲಿ, ತನ್ನನ್ನು ಹೊಗಳಿಕೊಳ್ಳುವುದನ್ನೂ ಇತರರನ್ನು ನಿಂದಿಸುವುದನ್ನೂ ಅವರು ಕೂಡಿಯೇ ನಿಷೇಧಿಸಿದ್ದಾರೆ. ಹಾಗಾದರೆ ದೋಷವನ್ನು ಹೇಳಲೇಬಾರದೆ? ಹೇಳಬೇಕು. ನಿಂದೆಗೂ ತಿದ್ದುನುಡಿಗೂ ವ್ಯತ್ಯಾಸವಿದೆ. ನಿಂದೆ ಆಡಿದವನನ್ನು ಕುರಿತದ್ದು. ತಿದ್ದುನುಡಿ ಆಡಿದ ಮಾತನ್ನು ಕುರಿತದ್ದು. ನಿಂದೆ ಬೆನ್ನ ಹಿಂದೆ ನಡೆಯುತ್ತದೆ; ತಿದ್ದುನುಡಿ ಎದುರಿಗೆ, ಏಕಾಂತದಲ್ಲಿ ನಡೆಯುತ್ತದೆ. ನಿಂದೆಗೆ ‘ಸರಿಯಿಲ್ಲ’ ಎಂಬುದಷ್ಟೇ ಸಾಕು. ತಿದ್ದುನುಡಿ ಎಲ್ಲಿ ಸರಿಯಿಲ್ಲ, ಹೇಗೆ ಸರಿಯಾದೀತು ಎಂದು ತೋರಿಸುತ್ತದೆ. ಮುಂಡರಗಿ ಸೀಮೆಯ ಅಜ್ಜ ‘ನಿನಗೆ ಮಾತು ಬರುವುದಿಲ್ಲ’ ಎನ್ನಲಿಲ್ಲ; ಒಂದೇ ಬೀಜ ಹಾಕೆಂದರು. ಭಜನೆಯ ತಾಯಿ ‘ನಿನಗೆ ವಚನ ಗೊತ್ತಿಲ್ಲ’ ಎನ್ನಲಿಲ್ಲ. ಒಂದು ಅಂಕಿತವನ್ನು ಸರಿಪಡಿಸಿದರು.

ಮಾತು ಕಲಿಯಬಯಸುವ ತರುಣ ತರುಣಿಯರು ಕೆಲವು ನಿಯಮಗಳನ್ನು ಇಟ್ಟುಕೊಳ್ಳಬಹುದು. ಸಭೆಗೆ ಹೋಗುವ ಮೊದಲೇ ನಂಬಿಕೆಯ ಒಬ್ಬರಿಗೆ ಒಂದು ಕೆಲಸ ಒಪ್ಪಿಸಬೇಕು: ಧ್ವನಿ ಹಿಂದಿನ ಸಾಲಿಗೆ ಮುಟ್ಟಿತೆ, ವೇಗ ಹೆಚ್ಚಾಯಿತೆ, ಯಾವ ಮಾತಿನಲ್ಲಿ ಜನ ತಲೆಯೆತ್ತಿದರು, ಎಲ್ಲಿ ತಲೆ ತಗ್ಗಿಸಿದರು ಎಂಬುದನ್ನು ನೋಡಿಕೊಳ್ಳಲು ಹೇಳಬೇಕು. ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಉತ್ತರವೇ ಬರುತ್ತದೆ. ‘ನಿಮಗೆ ಏನು ನೆನಪುಳಿಯಿತು?’ ಎಂದು ಕೇಳಿದರೆ ನಿಜ ಹೊರಬರುತ್ತದೆ. ಕೈಯಲ್ಲಿರುವ ಮೊಬೈಲಿನಲ್ಲಿ ತನ್ನ ಮಾತನ್ನೇ ಮುದ್ರಿಸಿಕೊಂಡು ಒಮ್ಮೆ ಒಬ್ಬರೇ ಕುಳಿತು ಕೇಳಬೇಕು. ಅದರಷ್ಟು ನಿಷ್ಠುರನಾದ ವಿಮರ್ಶಕ ಇನ್ನೊಬ್ಬನಿಲ್ಲ. ಹೇಳಿದ ದೋಷಗಳನ್ನೆಲ್ಲ ಒಂದೇ ದಿನ ತಿದ್ದಿಕೊಳ್ಳಲು ಹೋಗದೆ ಒಂದು ಸಭೆಗೆ ಒಂದನ್ನು ತಿದ್ದಿಕೊಳ್ಳಬೇಕು. ತಿದ್ದಿದವರಿಗೆ ಸಮಜಾಯಿಷಿ ಹೇಳದೆ ‘ಶರಣು’ ಎನ್ನಬೇಕು. ಸಮಜಾಯಿಷಿ ಕೇಳಿದವರು ಎರಡನೆಯ ಸಲ ತಿದ್ದಲು ಬರುವುದಿಲ್ಲ.

ಮಠಗಳ ಹೊಣೆಯೂ ಇಲ್ಲಿದೆ. ಶಿವಾನುಭವ ಮುಗಿದ ಮೇಲೆ ಹದಿನೈದು ನಿಮಿಷ ಕೇಳುಗರ ಮಾತಿಗೆ ಮೀಸಲಾದರೆ, ಹೊಸಬರಿಗೆ ಹತ್ತು ನಿಮಿಷ ಕೊಟ್ಟು ಆಮೇಲೆ ಹಿರಿಯರೊಬ್ಬರು ಅವರನ್ನು ಪ್ರಸಾದದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಎರಡು ಮಾತು ಹೇಳಿದರೆ, ಒಂದು ಪೀಳಿಗೆಯೇ ಸಿದ್ಧವಾದೀತು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ್ದು ಸಮಾಜಕ್ಕೆ ಸಮರ್ಥ ಸಾಧಕರನ್ನು ಕೊಡಬೇಕೆಂಬ ಸಂಕಲ್ಪದಿಂದ. ಸಾಧಕರನ್ನು ಗ್ರಂಥವೊಂದೇ ರೂಪಿಸಲಾರದು; ಎದುರಿಗೆ ಕುಳಿತು ಕೇಳುವ, ತಡೆಯುವ, ಮತ್ತೆ ಹೇಳಿಸುವ ಹಿರಿಯರು ಬೇಕು. ಇಂದು ಹಳ್ಳಿಯ ಮಠಗಳಿಗೆ ಬರುವ ತರುಣರು ಕಡಿಮೆಯಾಗುತ್ತಿದ್ದಾರೆಂಬ ಕೊರಗು ಎಲ್ಲೆಡೆ ಕೇಳಿಬರುತ್ತಿದೆ. ಅವರು ಬಾರದಿರುವುದೇ ಒಂದು ಹಿಮ್ಮಾಹಿತಿ. ಖಾಲಿ ಅಂಗಳವೂ ಏನನ್ನೋ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳದೆ ಕಾಲವನ್ನು ಹಳಿಯುತ್ತ ಕುಳಿತರೆ ವಚನಗಳು ಗ್ರಂಥದಲ್ಲಿ ಉಳಿದಾವು, ಜನರ ಬದುಕಿನಲ್ಲಿ ಉಳಿಯಲಾರವು.

ಕೊನೆಯದಾಗಿ, ನುಡಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ನಡೆ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಭಾಗದಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆಂದು ರೈತರ ಭೂಮಿಯನ್ನು ಪಡೆಯುವ ಯತ್ನ ನಡೆದಾಗ, ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ರೈತರ ಜೊತೆಗೆ ನಿಂತು ಮಾತನಾಡಿದರು. ಅದೇ ವರ್ಷ ಸರ್ಕಾರ ಆ ಭೂಸ್ವಾಧೀನವನ್ನು ಕೈಬಿಟ್ಟಿತು. ಆ ಮಾತಿಗೆ ಬಲ ಬಂದದ್ದು ಅಲಂಕಾರದಿಂದಲ್ಲ. ಹೊಲದ ಬದುವಿನಲ್ಲಿ ನಿಂತವರ ದುಃಖವನ್ನು ಮೊದಲು ಕೇಳಿಸಿಕೊಂಡು, ಆಮೇಲೆ ಆಡಿದ ಮಾತದು. ಚೆನ್ನಾಗಿ ಕೇಳಿದವನೇ ಚೆನ್ನಾಗಿ ಹೇಳಬಲ್ಲ. ಬಸವಣ್ಣನವರ ವಚನದ ನಾಲ್ಕನೆಯ ಮಾತಿನ ಅರ್ಥ ಇಲ್ಲಿ ವಿಶದವಾಗುತ್ತದೆ. ಶರಣ ಧರ್ಮದಲ್ಲಿ ಲಿಂಗ ಮತ್ತು ಜಂಗಮ ಬೇರೆಯಲ್ಲ. ಜಂಗಮವೆಂದರೆ ಚೈತನ್ಯಮಯವಾದ ಸಮಾಜ. 'ಒಂದೂ ನೆನಪಾಗಲಿಲ್ಲವ್ವ' ಎಂದ ಅಜ್ಜ, ಅಂಕಿತವನ್ನು ಸರಿಪಡಿಸಿದ ತಾಯಿ, ಎದ್ದು ಹೋದ ತರುಣ, ಇವರೆಲ್ಲ ಆ ಜಂಗಮದ ಮುಖಗಳೇ. ಅವರು ತಲೆದೂಗಿದಾಗ ವಿನಯದಿಂದ ಬಾಗುವುದು, ತಲೆದೂಗದಿದ್ದಾಗ ಮುನಿಯದೆ ಕಾರಣ ಕೇಳುವುದು, ಇವೆರಡನ್ನೂ ರೂಢಿಸಿಕೊಂಡ ನಾಲಿಗೆಗೆ ಮುತ್ತು ಮಾಣಿಕ್ಯ ಸ್ಫಟಿಕಗಳ ಗುಣ ತಾನಾಗಿಯೇ ಬರುತ್ತದೆ.